ಗಾಳಿಯಲ್ಲಿರುವ ಹೊತ್ತು

ಬಸ್ ನಿಲ್ದಾಣದ ಎದುರಿನ ವಿಮಾನ ಟಿಕೆಟ್ ಅಂಗಡಿಗೆ ಅವಳು ಕೆಲಸಕ್ಕೆ ಸೇರಿದಾಗ ಮಾಲೀಕರು ಮೊದಲು ಕಲಿಸಿದ್ದು ಒಂದೇ ಪಾಠ. ದೂರದ ಊರಿಗೆ ಎಷ್ಟು ಹೊತ್ತು ಎಂದು ಕೇಳಿದವರಿಗೆ ವಿಮಾನ ಗಾಳಿಯಲ್ಲಿರುವ ಹೊತ್ತನ್ನಷ್ಟೇ ಹೇಳಬೇಕು. ನಡುವಿನ ಊರಿನಲ್ಲಿ ಇಳಿದು ಕಾಯುವುದೆಲ್ಲ ಟಿಕೆಟ್ಟಿನಲ್ಲಿ ಅಚ್ಚಾಗಿಯೇ ಇರುತ್ತದೆ, ಬೇಕಾದವರು ಓದಿಕೊಳ್ಳಲಿ. ಮೊದಮೊದಲು ಆ ಮಾತು ಹೇಳುವಾಗ ಅವಳು ತಡವರಿಸುತ್ತಿದ್ದಳು. ವರ್ಷಗಳು ಕಳೆದಂತೆ ನಾಲಿಗೆಗೆ ಸಲೀಸಾಯಿತು.

ಸ್ವತಃ ಅವಳು ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಮದುವೆಯಾಗಿ ಏಳು ಸಾವಿರ ಕಿಲೋಮೀಟರ್ ಆಚೆ ನೆಲೆಸಿದ್ದ ಅಕ್ಕ ಫೋನಿನಲ್ಲಿ ಛೇಡಿಸುತ್ತಿದ್ದಳು: “ಊರಿಗೆಲ್ಲ ರೆಕ್ಕೆ ಕಟ್ಟಿ ಕಳಿಸ್ತೀಯ. ನಿನ್ನನ್ನ ಆ ಕುರ್ಚಿಗೆ ಅಂಟಿಸಿಬಿಟ್ಟಿದ್ದಾರೇನೇ?” ಅವಳ ಕಾಟ ತಡೆಯಲಾರದೆ ಈ ರಜೆಗೆ ಹೋಗಿಬರೋಣವೆಂದು ವೀಸಾ ಮಾಡಿಸಿಟ್ಟಿದ್ದಳು.

ರಜೆ ಬರುವ ಮೊದಲೇ ಭಾವನ ಫೋನ್ ಬಂತು. ಅಕ್ಕನ ಮಿದುಳಿನಲ್ಲಿ ರಕ್ತ ಸೋರಿದೆ, ಉಸಿರಾಡುತ್ತಿರುವುದು ಯಂತ್ರ, ಡಾಕ್ಟರು ಕೈಚೆಲ್ಲಿದ್ದಾರೆ. ಎದುರಿಗೆ ಗಿರಾಕಿ ಕೂತಿದ್ದ.

“ನೀನು ಬಂದು ನೋಡೋವರೆಗೂ ಮೆಷಿನ್ ತೆಗೆಯಲ್ಲ. ಅಲ್ಲಿಂದ ಎಷ್ಟು ಹೊತ್ತು ಪುಟ್ಟಿ?”

“ಒಂಬತ್ತು ಗಂಟೆ ಭಾವ,” ಎಂದಿತು ಅವಳ ಬಾಯಿ.

ಮುಂದಿನದೆಲ್ಲ ಮಂಜಿನಲ್ಲಿ ನಡೆದಂತಿತ್ತು. ಮಾಲೀಕರೇ ಟಿಕೆಟ್ ಮಾಡಿಸಿದರು, ತಮ್ಮ ಕೋಟು ಕೊಟ್ಟರು, ವಿಮಾನ ನಿಲ್ದಾಣದವರೆಗೂ ಬಂದು ಬಿಟ್ಟುಹೋದರು. ನಡುವಿನ ಊರಿನಲ್ಲಿಳಿದು, ಗಾಜಿನ ಗೋಡೆಯ ಪಕ್ಕದ ತಣ್ಣನೆಯ ಕುರ್ಚಿಯಲ್ಲಿ ಕೂತು, ಮುಂದಿನ ವಿಮಾನಕ್ಕೆ ಇನ್ನೂ ಹನ್ನೊಂದು ಗಂಟೆಯಿದೆ ಎಂದು ಫಲಕದಲ್ಲಿ ಓದಿದಾಗಲೇ ತಾನು ಭಾವನಿಗೆ ಏನು ಹೇಳಿದೆ ಎಂಬುದು ಅವಳಿಗೆ ಹೊಳೆದದ್ದು.

ಕೌಂಟರಿನಿಂದ ಕೌಂಟರಿಗೆ ಓಡಿದಳು. ಯಾವ ದಾರಿಯಾದರೂ ಸರಿ, ಯಾವ ಸೀಟಾದರೂ ಸರಿ ಎಂದು ಅಂಗಲಾಚಿದಳು. ಎಲ್ಲ ಭರ್ತಿಯಾಗಿತ್ತು. ಕೊನೆಗೆ ಅದೇ ಕುರ್ಚಿಗೆ ಮರಳಿ ಫೋನ್ ಮಾಡಿ, ತಪ್ಪು ಹೇಳಿಬಿಟ್ಟೆ, ನಾಳೆಯವರೆಗೆ ಹೇಗಾದರೂ ತಡೆಯಿರಿ ಎಂದು ಬೇಡಿಕೊಂಡಳು.

ಭಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಕ್ಕಳು ನಿಂತ ಕಾಲಲ್ಲೇ ಇದ್ದಾರೆ, ಇನ್ನೇನು ಚಿಕ್ಕಮ್ಮ ಬರುತ್ತಾಳೆ ಎಂದು ಬಾಗಿಲು ನೋಡುತ್ತಿದ್ದಾರೆ ಎಂದರು. ಆಮೇಲೆ ಅವರ ದನಿ ಇಳಿಯಿತು.

“ಬೆಳಿಗ್ಗೆಯಿಂದ ಎರಡು ಸಲ ಅವಳ ಎದೆಬಡಿತ ನಿಂತಿತ್ತು. ಡಾಕ್ಟರು ಬೇಡ ಅಂದ್ರೂ ನಾನೇ ಹಟ ಮಾಡಿ ಎದೆ ಒತ್ತಿಸ್ದೆ. ನೀನು ಬರ್ತೀಯ ಅಂತ.”

ಅವಳು ಮಾಲೀಕರ ಕೋಟಿನ ತೋಳನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಪಕ್ಕದಲ್ಲಿ ಕೂತಿದ್ದವರು ಒಂದಿಷ್ಟು ಸರಿದು ಕೂತರು.

“ಇನ್ನು ಒತ್ತಿಸಬೇಡಿ ಭಾವ,” ಎಂದಳು. “ನನಗೋಸ್ಕರ ಕಾಯಬೇಡಿ. ಅವಳನ್ನ ಬಿಟ್ಟುಬಿಡಿ.”

ಅವರು ಹೂಂ ಎಂದರು. ಫೋನನ್ನು ಅವರೂ ಇಡಲಿಲ್ಲ, ಅವಳೂ ಇಡಲಿಲ್ಲ. ಆ ಕೋಣೆಯಿಂದ ಯಂತ್ರದ ಉಸಿರು ಸಣ್ಣಗೆ ಕೇಳಿಬರುತ್ತಿತ್ತು. ಅದು ನಿಲ್ಲುವವರೆಗೂ ಅವಳು ಕೇಳಿಸಿಕೊಂಡಳು.