ಗಡಿಯಾರದ ಸಾಹೇಬರು ಕಾರು ಹೊರಡಿಸಿದ್ದು

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ಡಾಕ್ಟರಮ್ಮನೊಬ್ಬರ ಹತ್ತಿರ ನರ್ಸಾಗಿದ್ದೆ. ಅವರದೊಂದು ಹಳೆಯ ಇಂಗ್ಲಿಷ್ ಕಾರು. ಅವರೇ ಓಡಿಸುತ್ತಿದ್ದರು. ಕೀಲಿ ತಿರುಗಿಸಿದೊಡನೆ ಬಾನೆಟ್ಟಿನ ಒಳಗಿಂದ ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪುಟ್ಟ ಕರೆಂಟಿನ ಪಂಪಿನ ಸದ್ದದು.

ಒಂದು ಬೆಳಿಗ್ಗೆ ಜಡೆ ಎಂಬ ಊರಿನ ಕಡೆಯ ರೈತನೊಬ್ಬ ಬಸ್ಸಿಳಿದು ಓಡಿಬಂದ. "ನಮ್ಮಾಕಿಗೆ ನಿನ್ನೆಯಿಂದ ನೋವು ಬರ್ತಾ ಐತ್ರೀ. ಮಗು ಅಡ್ಡ ಐತಿ ಅಂತಾರೆ. ಸೊರಬದ ಡಾಕ್ಟರು ಊರಾಗಿಲ್ಲ." ಡಾಕ್ಟರಮ್ಮ ಚೀಲ ಎತ್ತಿಕೊಂಡರು. ಅವನನ್ನು ಹಿಂದೆ ಕೂರಿಸಿಕೊಂಡು ಹೊರಟೆವು.

ಶಿರಾಳಕೊಪ್ಪ ದಾಟಿ ಮೂರು ಮೈಲಿ ಹೋಗಿರಲಿಲ್ಲ, ಕಾರು ಎರಡು ಸಲ ಮುಗ್ಗರಿಸಿ ನಿಂತಿತು. ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದೆ, ಅರ್ಧದವರೆಗೆ ಒದ್ದೆಯಾಗಿ ಬಂತು. ಸ್ಟಾರ್ಟರ್ ತಿರುಗುತ್ತಿತ್ತು, ಎಂಜಿನ್ ಹಿಡಿಯುತ್ತಿರಲಿಲ್ಲ. ರೈತನೂ ನಾನೂ ತಳ್ಳಿದೆವು. ಪ್ರಯೋಜನವಾಗಲಿಲ್ಲ.

"ನಾನು ಓಡ್ಕೊಂಡೇ ಹೋಗ್ತೀನ್ರೀ," ಎಂದ ಅವನು.

"ನೀನೊಬ್ಬನೇ ಹೋಗಿ ಏನು ಮಾಡ್ತೀಯಪ್ಪ?" ಎಂದರು ಡಾಕ್ಟರಮ್ಮ.

ಆಗ ಸೈಕಲ್ಲಿನಲ್ಲಿ ಮಧ್ಯವಯಸ್ಸಿನ ಸಾಹೇಬರೊಬ್ಬರು ಬಂದರು. ಹ್ಯಾಂಡಲ್ಲಿಗೆ ಬಟ್ಟೆ ಸುತ್ತಿದ ಗೋಡೆ ಗಡಿಯಾರ ತೂಗುತ್ತಿತ್ತು. ನಾನು ಅಡ್ಡ ನಿಂತು, ಹೆರಿಗೆಗೆ ಹೊರಟವರು ಕಾರು ಕೆಟ್ಟು ನಿಂತಿದ್ದೇವೆ ಎಂದು ಹೇಳಿದೆ.

"ನಂದು ಸೊರಬದಾಗೆ ವಾಚು ರಿಪೇರಿ ಅಂಗಡಿ ಅಮ್ಮಾ. ಕಾರಿನ ಕೆಲಸ ಬರಲ್ಲ," ಎಂದರು.

"ಯಾವಾಗಲೂ ಟಕ್ ಟಕ್ ಅಂತಿತ್ತು ಸಾಹೇಬ್ರೇ, ಈಗ ಸದ್ದೇ ಇಲ್ಲ," ಎಂದೆ.

ಅವರು ಸೈಕಲ್ ನಿಲ್ಲಿಸಿದರು. "ಟಕ್ ಟಕ್ ಅಂದ್ರೆ ನೋಡಬಹುದು," ಎಂದು ಬಾಯಲ್ಲಿದ್ದ ಬೀಡಿ ಎಸೆದು, ಪೆಟ್ರೋಲಿನ ಹತ್ತಿರ ಬೇಡವೆಂದು ಅದನ್ನು ದೂರಕ್ಕೆ ಒದ್ದು, ಬಾನೆಟ್ ಎತ್ತಿಸಿದರು. ಕೀಲಿ ತಿರುಗಿಸಲು ಹೇಳಿ, ಸ್ಕ್ರೂಡ್ರೈವರಿನ ಹಿಡಿಯಿಂದ ಪಂಪಿಗೆ ಮೆಲ್ಲಗೆ ಬಡಿದರು. ಎರಡು ಸಲ ಟಕ್ ಎಂದು ಸುಮ್ಮನಾಯಿತು.

"ಜೀವ ಐತಿ. ಕೀಲಿ ಆಫ್ ಮಾಡ್ರೀ."

ಮುಚ್ಚಳ ಬಿಚ್ಚಿದರು. ಒಳಗೆ ಒಂದಕ್ಕೊಂದು ತಾಗಿ ಬಿಡುವ ಎರಡು ಸಣ್ಣ ಬಿಲ್ಲೆಗಳು ಕಪ್ಪಾಗಿದ್ದವು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಹಿಡಿದು ಉಜ್ಜಿದರು. ಕೀಲಿ ಹಾಕಿದರೆ ಸದ್ದು ಬಂತು, ಆದರೆ ತಡೆತಡೆದು. ಪಂಪಿನಿಂದ ಕಾರಿನ ಮೈಗೆ ಬಂದಿದ್ದ ತಂತಿಯನ್ನು ಬೆರಳಿನಿಂದ ಅಲುಗಿಸಿದರು. ಅದರ ತುದಿಯ ಸ್ಕ್ರೂ ತುಕ್ಕು ಹಿಡಿದು ಅವರ ಕೈಯಲ್ಲೇ ಮುರಿಯಿತು. ಗೋಡೆ ಗಡಿಯಾರದ ಬಟ್ಟೆ ಬಿಚ್ಚಿ, ಅದರ ಬೆನ್ನಿನ ಒಂದು ಸ್ಕ್ರೂ ತೆಗೆದರು. ತಂತಿಯ ತುದಿಯನ್ನೂ ಕಾರಿನ ತಗಡನ್ನೂ ಕೆರೆದು ಹೊಳಪು ಬರಿಸಿ, ಆ ಸ್ಕ್ರೂ ಹಾಕಿ ಬಿಗಿದರು.

ಟಕ್ ಟಕ್ ಟಕ್ ಎಂದು ಒಂದೇ ಲಯದಲ್ಲಿ ಬಡಿದು ಮತ್ತೆ ನಿಂತಿತು. ರೈತ ತಲೆಯ ಮೇಲೆ ಕೈ ಹೊತ್ತ. ಡಾಕ್ಟರಮ್ಮ ನಕ್ಕುಬಿಟ್ಟರು. "ಎಂಜಿನ್ನಿಗೆ ಪೆಟ್ರೋಲ್ ತುಂಬಿದ ಮೇಲೆ ನಿಲ್ಲಬೇಕಪ್ಪ ಅದು!" ಸ್ಟಾರ್ಟರ್ ಒತ್ತಿದರು, ಎಂಜಿನ್ ಹಿಡಿಯಿತು.

ಸಾಹೇಬರಿಗೆ ಸರಿಯಾಗಿ ಕೈ ಮುಗಿಯಲೂ ನಮಗೆ ಪುರಸೊತ್ತಿರಲಿಲ್ಲ. "ಹೋಗ್ರೀ, ಹೋಗ್ರೀ! ಏನಾತು ಅಂತ ಒಂದು ಮಾತು ತಿಳಿಸಿ," ಎಂದು ಅವರೇ ಕೂಗಿದರು.

ನಾವು ಹೋದಾಗ ರೈತನ ಹೆಂಡತಿ ಸೋತು ಕಣ್ಣು ಮುಚ್ಚಿಕೊಂಡು ಮಲಗಿದ್ದಳು. ಡಾಕ್ಟರಮ್ಮ ಮಗುವನ್ನು ತಿರುಗಿಸಿ ತೆಗೆದರು. ಹೆಣ್ಣು ಮಗು. ಬೆನ್ನು ತಟ್ಟಿ, ನೀರು ಚಿಮುಕಿಸಿದ ಮೇಲೆ ಕೊನೆಗೆ ಅತ್ತಿತು. ಇನ್ನೊಂದು ಗಂಟೆ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ವಾಪಸು ಬರುವಾಗ ನನಗೊಬ್ಬಳಿಗೇ ಹೇಳಿದರು.

ಮರುವಾರ ಬಸ್ಸು ಹತ್ತಿ ಸೊರಬಕ್ಕೆ ಹೋದೆ. ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ನನ್ನನ್ನು ಕಂಡೊಡನೆ ಸಾಹೇಬರು ಎದ್ದು ನಿಂತು ಮೊದಲು ಕೇಳಿದ್ದು, "ತಾಯಿ ಹೆಂಗವ್ಳೆ?"

"ಇಬ್ಬರೂ ಚೆನ್ನಾಗಿದ್ದಾರೆ."

ಅವರು ಎರಡೂ ಅಂಗೈ ಮೇಲೆತ್ತಿ, ಮುಖಕ್ಕೆ ಸವರಿಕೊಂಡರು. ಆಮೇಲೆ ಒಳಬಾಗಿಲ ಪರದೆಯತ್ತ ತಿರುಗಿ ಹೆಂಡತಿಯನ್ನು ಕರೆದರು. ಆಕೆ ನನಗೆ ಮಣೆ ಹಾಕಿ, ಚಹಾ ತಂದಿಟ್ಟು, ಎದುರಿಗೇ ಕೂತು ಹೇಳಿದರು: "ಇವರು ಅರ್ಧಾನೇ ಹೇಳಿದ್ರು ಅಕ್ಕಾ. ಕಾರು ಹೋದಮೇಲೆ ಏನೇನಾತು, ನೀವು ಹೇಳಿ."