ಮೇಷ್ಟ್ರ ಹೊಲದ ಸೊಟ್ಟ ಗೆರೆ

ಬಾಡಿಗೆಗೆ ಉಳುವ ಟ್ರ್ಯಾಕ್ಟರಿನವನನ್ನು ಊರೆಲ್ಲ ಕರೆಯುವುದು ಸೊಟ್ಟಣ್ಣ ಎಂದೇ. ಆ ಹೆಸರಿಗೆ ಕಾರಣ ಅವನ ಗಣಿತದ ಮೇಷ್ಟ್ರು. ಆರನೇ ತರಗತಿಯಲ್ಲಿ ಅವನೆಳೆದ ಮಾರ್ಜಿನ್ ಪುಟದ ತಳ ಮುಟ್ಟುವಷ್ಟರಲ್ಲಿ ಅರ್ಧ ಇಂಚು ವಾಲಿತ್ತು. ನಲವತ್ತು ವರ್ಷ ಕಳೆದರೂ ಮೇಷ್ಟ್ರು ಆ ಅರ್ಧ ಇಂಚನ್ನು ಮರೆತಿಲ್ಲ.

ನಿವೃತ್ತರಾದ ಮೇಷ್ಟ್ರ ಹೊಲ ಅವರ ವರಾಂಡದ ಎದುರಿನ ಇಳಿಜಾರು. ಸಾಲುಗಳು ಮೇಲಿನಿಂದ ಕೆಳಕ್ಕೆ ನೂಲು ಹಿಡಿದಂತಿರಬೇಕು. ಕುರ್ಚಿಯಲ್ಲಿ ಕೂತು ನೋಡಿದರೆ ಕಣ್ಣು ತಣಿಯಬೇಕು. ಹತ್ತು ವರ್ಷ ಸೊಟ್ಟಣ್ಣ ಹಾಗೇ ಉತ್ತುಕೊಟ್ಟ. ಆ ನೇರ ಸಾಲುಗಳಲ್ಲಿ ಮಳೆನೀರು ಜಾರುಬಂಡೆ ಸಿಕ್ಕ ಮಕ್ಕಳಂತೆ ಇಳಿದು, ಮಣ್ಣನ್ನೂ, ಈಚೆಗೆ ಮೇಷ್ಟ್ರು ಹೊಡೆಸತೊಡಗಿದ್ದ ಕಳೆನಾಶಕವನ್ನೂ ಹೊತ್ತು ತಳದ ಹೊಂಡ ಸೇರುತ್ತಿತ್ತು. ಅದೇ ನೀರು ಹನಿಸಿ ಸೊಟ್ಟಣ್ಣನ ಅಕ್ಕ ತರಕಾರಿ ಸಸಿ ಬೆಳೆಸಿ ಮಾರುತ್ತಿದ್ದಳು. ಸತತ ಎರಡು ಹಂಗಾಮು ಅವಳ ಟೊಮೆಟೊ ಸಸಿ ಹಳದಿಯಾಗಿ ಮುದುಡಿತು.

“ಅವರ ಹೊಲದ ಕಳೆಗೆ ಕಳೆ ಬಂದಿದೆ, ನನ್ನ ಸಸಿಯ ಕಳೆ ಹೋಗಿದೆ,” ಎಂದಳು ಅಕ್ಕ. “ಇನ್ನೊಂದು ಸಲ ಹೀಗಾದ್ರೆ ಈ ಕೆಲಸಕ್ಕೇ ಬೀಗ ಹಾಕ್ತೀನಿ. ಅಲ್ಲಿ ಉಳೋನು ನೀನೇ ತಾನೇ?”

ಈ ಸಲ ಸೊಟ್ಟಣ್ಣ ಇಳಿಜಾರಿಗೆ ಅಡ್ಡಲಾಗಿ, ದಿಬ್ಬದ ಮೈ ಬಾಗಿದಂತೆ ಬಾಗಿ ಉತ್ತ.

ಮೇಷ್ಟ್ರು ಕುರ್ಚಿ ಬಿಟ್ಟು ಹೊಲಕ್ಕೇ ಬಂದರು. “ಇದೇನೋ, ಹಾವು ಹರಿದ ಹಾಗೆ?”

“ನೀರು ಸಾಲಲ್ಲೇ ನಿಲ್ಲುತ್ತೆ ಸಾರ್. ನಿಮ್ಮ ಕಳೆ ಔಷಧೀನೂ ನಿಲ್ಲುತ್ತೆ.”

“ಸ್ಕೇಲ್ ಕೊಟ್ರೂ ಸೊಟ್ಟ, ಟ್ರ್ಯಾಕ್ಟರ್ ಕೊಟ್ರೂ ಸೊಟ್ಟ. ಕೆಳಗೆ ಹತ್ತಡಿ ಹುಲ್ಲು ಯಾಕೆ ಬಿಟ್ಟೆ?”

“ಅದು ಮಾರ್ಜಿನ್ ಸಾರ್.”

ಮೇಷ್ಟ್ರು ತಿರುಗಿ ಕುರ್ಚಿಗೆ ನಡೆದರು. ಬಿತ್ತನೆ ಮುಗಿದ ಸಂಜೆ ಅಲ್ಲಿಂದಲೇ ಹೊಸ ಅಪ್ಪಣೆ ಬಂತು: ನಾಳೆ ಬೆಳಿಗ್ಗೆಯೇ ಔಷಧಿ ಹೊಡೆಯಬೇಕಂತೆ. ಆಕಾಶ ತುಂಬಾ ಮೋಡ. ಎರಡು ದಿನ ತಡೆಯಿರಿ, ಮಳೆ ತೊಳೆದುಬಿಡುತ್ತೆ ಎಂದು ಸೊಟ್ಟಣ್ಣ ಮೂರು ಸಲ ಹೇಳಿದ. ಗೋಡೆಗೆ ಹೇಳಿದ್ದರೆ ವಾಸಿಯಿತ್ತು. ಗೋಡೆ “ನನಗೇ ಪಾಠ ಹೇಳ್ತೀಯಾ” ಅನ್ನುವುದಿಲ್ಲ. ಕೊನೆಗೆ ಮೇಷ್ಟ್ರ ಸಿಂಪಡಿಸುವ ಪಂಪಿನ ಮೂತಿ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡು ಮನೆಗೆ ಹೋದ.

ಮೇಷ್ಟ್ರು ಎರಡು ದಿನ ಮನೆ ತಲೆಕೆಳಗು ಮಾಡಿದರು. ಅಷ್ಟರಲ್ಲಿ ಮಳೆ ಸುರಿದು ಹೋಯಿತು. ಮೂರನೇ ದಿನ ಮೂತಿ ಟ್ರ್ಯಾಕ್ಟರ್ ಸೀಟಿನಡಿ “ಸಿಕ್ಕಿತು”.

ಔಷಧಿ ಹೊಡೆದು ವಾರ ಕಳೆದ ಮೇಲೆ ಮತ್ತೊಂದು ಮಳೆ ಬಂತು. ನೀರು ಸಾಲುಗಳಲ್ಲಿ ನಿಂತು ಇಂಗಿತು. ಉಳಿದದ್ದು ಹುಲ್ಲಿನಲ್ಲಿ ಸೋಸಿ ಹೊಂಡಕ್ಕೆ ತೊಟ್ಟಿಕ್ಕಿತು. ಅಕ್ಕನಿಗೆ ನಂಬಿಕೆ ಬರಲಿಲ್ಲ. ಮೊದಲು ಒಂದೇ ತಟ್ಟೆ ಸಸಿಗೆ ಹೊಂಡದ ನೀರು ಹನಿಸಿ ಕಾದಳು. ಎಂಟನೇ ದಿನವೂ ಆ ಸಸಿಗಳು ಹಸಿರಾಗಿಯೇ ಇದ್ದವು. ಉಳಿದ ತಟ್ಟೆಗಳಿಗೂ ಅದೇ ನೀರು ಹಾಕಿದಳು.

ಮೇಷ್ಟ್ರ ಹೊಲದಲ್ಲೂ ಈ ಸಲ ಕಳೆ ಕಡಿಮೆ. “ಅಸಲಿ ಔಷಧಿ ಸಿಕ್ಕಿತ್ತು ಕಣೋ,” ಎಂದರು. “ಮುಂದಿನ ಸಲ ಗೆರೆ ನೇರ ಎಳಿ.”

“ಆಗಲಿ ಸಾರ್,” ಎಂದ ಸೊಟ್ಟಣ್ಣ. ಆರನೇ ತರಗತಿಯಲ್ಲೂ ಹಾಗೇ ಅಂದಿದ್ದ.