ಕಿವಿ ಕೊಟ್ಟು ಆರಿಸಿದ ತೆಂಗಿನಕಾಯಿ

ನನ್ನ ಗೇಮನ್ನು ಮೊಟ್ಟಮೊದಲು ಆಡಿ ಗೆದ್ದದ್ದು ದೊಡ್ಡಪ್ಪ. ಗೆದ್ದವರು ಮುಖ ಸಿಂಡರಿಸಿಕೊಂಡು ಫೋನನ್ನು ಜಗಲಿಯ ಮೇಲಿಟ್ಟರು.

"ಇದು ಆಟ ಅಲ್ಲ ಮಾರಾಯ್ತಿ, ಲಾಟರಿ" ಎಂದರು.

"ಗೆದ್ದಿರಲ್ಲ ದೊಡ್ಡಪ್ಪ?"

"ಅದೇ ಹೇಳುದು. ಬಿರುಕು ಬಿಟ್ಟ ಕಾಯಿಯನ್ನೇ ಬೇಕೂಂತ ತೆಕ್ಕೊಂಡದ್ದು ನಾನು. ಅದು ಹೇಗೆ ಗೆದ್ದದ್ದು?"

ಪುತ್ತೂರಿನ ಕಾಲೇಜಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ಮೂವರು ಕಾಯಿ ಕುಟ್ಟುವ ಆಟವನ್ನು ಫೋನಿಗೆ ತರಲು ಹೊರಟಿದ್ದೆವು. ಒಬ್ಬರು ತಮ್ಮ ತೆಂಗಿನಕಾಯಿಯನ್ನು ಗಟ್ಟಿಯಾಗಿ ಹಿಡಿಯುವುದು, ಇನ್ನೊಬ್ಬರು ತಮ್ಮದರಿಂದ ಕುಟ್ಟುವುದು, ಒಡೆದ ಕಾಯಿ ಗೆದ್ದವರಿಗೆ. ಇಷ್ಟೇ ಆಟ. ಇಷ್ಟಕ್ಕೇ ಕುಂಬ್ರದ ನಮ್ಮ ಮನೆಯಲ್ಲಿ ದೀಪಾವಳಿಗೆ ಎರಡು ದಿನ ಬೇರೆ ಮಾತಿರುತ್ತಿರಲಿಲ್ಲ, ಮತ್ತು ದೊಡ್ಡಪ್ಪನೆದುರು ಕಾಯಿ ಹಿಡಿಯಲು ಅಕ್ಕಪಕ್ಕದವರು ಹೆದರುತ್ತಿದ್ದರು.

ಗುಂಪಿನಲ್ಲಿ ಐವರ್ನಾಡಿನ ಗೆಳತಿ ಚಿತ್ರ ಬರೆಯುವವಳು. ಕಡಬದ ಗೆಳೆಯ ಪರದೆಯ ಗುಂಡಿಗಳು, ಅಂಕಪಟ್ಟಿ, ಬಣ್ಣ ನೋಡಿಕೊಳ್ಳುವವನು. ಯಾವ ಕಾಯಿ ಒಡೆಯುತ್ತದೆ, ಎಂಥ ಶಬ್ದ ಬರುತ್ತದೆ ಎಂಬ ಕೋಡ್ ನನ್ನದು. ಅಂಕ ಗುಂಪಿಗಲ್ಲ, ಒಬ್ಬೊಬ್ಬರಿಗೆ. ಹೊರಗಿನಿಂದ ಬರುವ ಪರೀಕ್ಷಕರು ‘ನಿಮ್ಮ ಕೆಲಸ ತೋರಿಸಿ’ ಎನ್ನುತ್ತಾರೆ ಎಂದು ಪ್ರಾಜೆಕ್ಟ್ ನೋಡಿಕೊಳ್ಳುವ ಮೇಡಂ ಮೊದಲೇ ಎಚ್ಚರಿಸಿದ್ದರು. ಅವರಿಬ್ಬರೂ ಪರದೆಯ ಮೇಲೆ ಬೆರಳಿಟ್ಟು ತಮ್ಮದನ್ನು ತೋರಿಸಬಹುದಿತ್ತು. ನನಗೆ ತೋರಿಸಲು ಏನೂ ಇರಲಿಲ್ಲ. ಅದೇ ನನ್ನ ತಲೆ ತಿನ್ನುತ್ತಿದ್ದ ಚಿಂತೆ. ಇದರ ಮೇಲೆ ದೊಡ್ಡಪ್ಪನ ಲಾಟರಿ ಮಾತು ಬೇರೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಎರಡು ದಿನ ಅವರ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಕೋಡ್ ತೆರೆದು ನೋಡಿದರೆ ಅವರು ಹೇಳಿದ್ದು ನಿಜ. ಗೆಲುವು ಸೋಲನ್ನು ನಾನು ಕಂಪ್ಯೂಟರಿನ ಅದೃಷ್ಟಕ್ಕೆ ಬಿಟ್ಟು ಕೈತೊಳೆದುಕೊಂಡಿದ್ದೆ.

ಫೋನ್ ಹಿಡಿದುಕೊಂಡು ಹೋಗಿ "ಕಾಯಿ ಆರಿಸುದು ಹೇಗೆ?" ಎಂದು ಕೇಳಿದೆ. ಅವರು ಅದಕ್ಕೇ ಕಾಯುತ್ತಿದ್ದವರ ಹಾಗೆ ಕೊಟ್ಟಿಗೆಯ ಪಕ್ಕದ ರಾಶಿಯ ಮುಂದೆ ಕುಳಿತು, ಒಂದೊಂದನ್ನೇ ನನ್ನ ಕಿವಿಯ ಹತ್ತಿರ ಹಿಡಿದು ಬೆರಳಿನ ಗಂಟಿನಿಂದ ಬಡಿದರು. "ಕಣ್ಣು ಮುಚ್ಚು. ನೋಡಿದ್ರೆ ಮೋಸ ಹೋಗ್ತಿ." ನನಗೆ ಮೊದಲು ಎಲ್ಲ ಒಂದೇ ಥರ ಕೇಳಿಸಿತು. ಸುಮಾರು ಇಪ್ಪತ್ತು ಕಾಯಿ ಆದ ಮೇಲೆ, ಒಂದು ಡಬ್ ಎಂದಿತು, ಇನ್ನೊಂದು, ಗಟ್ಟಿಯಾದದ್ದು, ಟಣ್ ಎಂದಿತು. ಕೇಳಿಸಿತು! ನಾನು ಕೂಗಿದ್ದಕ್ಕೆ ಕೊಟ್ಟಿಗೆಯ ದನ ತಲೆಯೆತ್ತಿ ನೋಡಿತು.

ಹನ್ನೊಂದು ಕಾಯಿಗೆ ಸುಣ್ಣದಲ್ಲಿ ನಂಬರ್ ಹಾಕಿ, ಒಂದೊಂದರ ಶಬ್ದವನ್ನೂ ಫೋನಿನಲ್ಲಿ ಹಿಡಿದಿಟ್ಟೆ. ಎಲ್ಲಕ್ಕಿಂತ ಗಟ್ಟಿ ಏಳನೆಯದು ಎಂದು ನನ್ನ ತೀರ್ಮಾನ. ಮರುದಿನ ಬೆಳಿಗ್ಗೆ ನೋಡಿದರೆ ಏಳು ಇಲ್ಲ. ಅಮ್ಮ ಅದನ್ನು ಒಡೆದು ಅರ್ಧ ತುರಿದು ಚಟ್ನಿಗೆ ಹಾಕಿಯಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರೇ ನನ್ನನ್ನು ಗದರಿದರು.

"ಎಂತ ಕಾಯಿ ಮಾರಾಯ್ತಿ ಅದು! ಕತ್ತಿಯ ಹಿಂಬದಿಯಲ್ಲಿ ಆರು ಪೆಟ್ಟು ಹಾಕಿದೆ, ಕೈ ನೋವಾಯ್ತು."

"ಆರು? ಉಳಿದದ್ದಕ್ಕೆಲ್ಲ ಎಷ್ಟು ಬೇಕು?"

"ಎರಡು, ಹೆಚ್ಚೆಂದರೆ ಮೂರು."

ಬೈಯಬೇಕಾದವಳು ಅಮ್ಮನನ್ನು ಅಪ್ಪಿಕೊಂಡೆ. ನನ್ನ ಕಿವಿ ಹೇಳಿದ್ದನ್ನು ಅಡುಗೆಮನೆ ಒಪ್ಪಿತ್ತು! ಅದರ ಗೆರಟೆಯನ್ನು, ಆ ಗಟ್ಟಿ ಚಿಪ್ಪನ್ನು, ತೊಳೆದು ಸ್ಕೇಲಿನಲ್ಲಿ ದಪ್ಪ ಅಳೆದೆ. ಅವತ್ತು ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದೆ.

ಅಲ್ಲಿಂದ ಕೆಲಸ ಓಡಿತು. ಗೇಮಿನ ಪ್ರತಿ ಕಾಯಿಗೂ ಇಷ್ಟು ದಪ್ಪದ ಗೆರಟೆ, ಗೆರಟೆಗೆ ತಕ್ಕ ಶಬ್ದ, ಶಬ್ದಕ್ಕೆ ತಕ್ಕ ಬಾಳಿಕೆ. ಒಂದೇ ತೊಡಕು: ಐವರ್ನಾಡಿನವಳು ಅಷ್ಟು ಚಂದಕ್ಕೆ ಬರೆದ ಬೇರೆ ಬೇರೆ ಕಾಯಿಗಳನ್ನೆಲ್ಲ ಒಂದೇ ರೀತಿ ಮಾಡಬೇಕಿತ್ತು, ಇಲ್ಲದಿದ್ದರೆ ಕಿವಿಗೆ ಕೆಲಸವೇ ಇರುವುದಿಲ್ಲ. "ನಿನ್ನದು ಕೇಳ್ಲಿಕ್ಕೆ ನನ್ನದು ಅಳಿಸ್ಬೇಕಾ?" ಎಂದು ಅವಳು ಜಗಳಕ್ಕೇ ಬಂದಳು. ಆಡಲು ಕೊಟ್ಟೆ. ಅರ್ಧ ಗಂಟೆ ಫೋನ್ ವಾಪಸ್ ಕೊಡಲಿಲ್ಲ, ಆಮೇಲೆ ತಾನೇ ಅಳಿಸಿದಳು.

ಪರೀಕ್ಷೆಯ ದಿನ ಲ್ಯಾಬಿನಲ್ಲಿ ಫ್ಯಾನುಗಳ ಸದ್ದು, ಪಕ್ಕದ ಗುಂಪಿನ ಕಾರ್ ರೇಸಿನ ಗದ್ದಲ. ಪರೀಕ್ಷಕರು ದೊಡ್ಡ ಪರದೆಯಲ್ಲಿ ನಮ್ಮ ಗೇಮ್ ನೋಡಿದರು. ಚಿತ್ರ ಚಂದ ಉಂಟು ಎಂದರು, ಅಂಕಪಟ್ಟಿ ಚಂದ ಉಂಟು ಎಂದರು. ನನ್ನ ಕಡೆ ತಿರುಗಿ, "ಇದರಲ್ಲಿ ನಿನ್ನದು ಯಾವುದು? ನನಗೆ ಕಾಣುದಿಲ್ಲವಲ್ಲ" ಎಂದರು. ವಿವರಿಸಲು ಹೋಗದೆ ಫೋನನ್ನು ಅವರ ಕೈಗೆ ಕೊಟ್ಟೆ.

"ಸರ್, ಕಾಯಿ ಬಡಿದು ಕೇಳಿ. ಕಿವಿ ಹತ್ತಿರ ಇಟ್ಟು."

ಅವರು ತಲೆ ಬಗ್ಗಿಸಿ, ಒಂದು ಕಿವಿಗೆ ಬೆರಳಿಟ್ಟು, ಇನ್ನೊಂದನ್ನು ಫೋನಿಗೆ ಕೊಟ್ಟು ಪರದೆಯನ್ನು ಮುಟ್ಟಿದರು. ಒಂದು. ಎರಡು. ಮತ್ತೆ ಒಂದು. ಕಣ್ಣು ತಾನಾಗಿ ಮುಚ್ಚಿತು. ಆರಿಸಿದರು, ಕುಟ್ಟಿದರು, ಗೆದ್ದರು. "ಇನ್ನೊಂದು ಸಲ" ಎಂದರು. ಈ ಸಲ ಹುರುಪಿನಲ್ಲಿ ಮೂರೇ ಕಾಯಿ ಬಡಿದು ಒಂದನ್ನು ಆರಿಸಿ ಕುಟ್ಟಿದರು. ಅವರ ಕಾಯಿಯೇ ಎರಡು ಹೋಳಾಯಿತು.

"ನಾನ್ಯಾಕೆ ಸೋತೆ?"

"ಐದು ಕಾಯಿ ಇತ್ತು ಸರ್. ಎರಡನ್ನು ನೀವು ಕೇಳ್ಲೇ ಇಲ್ಲ."

ಅವರು ಜೋರಾಗಿ ನಕ್ಕರು. "ಹೌದಲ್ಲ! ನನ್ನದೇ ತಪ್ಪು" ಎನ್ನುತ್ತಾ ನನ್ನ ಹೆಸರಿನ ಮುಂದೆ ಏನೋ ಬರೆದರು. ಎಷ್ಟು ಎಂದು ನಾನು ಇಣುಕಲಿಲ್ಲ.

ಹೊರಗೆ ಓಡಿ ಬಂದು ದೊಡ್ಡಪ್ಪನಿಗೆ ಫೋನ್ ಮಾಡಿದೆ.

"ದೊಡ್ಡಪ್ಪ, ಸರ್ ಸೋತರು!"

"ಯಾಕೆ ಸೋತದ್ದಂತೆ?"

"ಸರಿಯಾಗಿ ಕೇಳದೆ ಆರಿಸಿದ್ರು. ಅವರೇ ಒಪ್ಪಿಕೊಂಡ್ರು."

ದೊಡ್ಡಪ್ಪ, "ಹಾಗಾದ್ರೆ ಈಗ ಅದು ಆಟ ಆಯ್ತು" ಎಂದರು.